ವುಲ್ಫ್ ಮತ್ತು ಜೇಡ್ ಫಾಲ್ಕನ್: ತತ್ತ್ವದ ಜಗಳವೋ, ದಾಯಾದಿ ಮತ್ಸರವೋ?

ಪ್ರಶ್ನೆ: ಹೊಸ ಓದುಗ

ಬ್ಯಾಟಲ್‌ಟೆಕ್ ಎಂಬ ಕಾಲ್ಪನಿಕ ಲೋಕದ ಇತಿಹಾಸವನ್ನು ಕೆಲವು ತಿಂಗಳುಗಳಿಂದ ಕ್ರಮವಾಗಿ ಓದುತ್ತಿದ್ದೇನೆ. 1984ರಲ್ಲಿ ಬೇರೊಂದು ಹೆಸರಿನಲ್ಲಿ ಹಲಗೆಯಾಟವಾಗಿ ಹುಟ್ಟಿದ ಈ ಲೋಕ ಇಷ್ಟು ದಟ್ಟವಾದ ರಾಜಕೀಯವನ್ನು ಒಳಗೊಂಡಿದೆಯೆಂದು ನಾನು ಎಣಿಸಿರಲಿಲ್ಲ. ಐದು ಮಹಾಮನೆತನಗಳ ಕಥೆಯನ್ನು ಹೇಗೋ ಅರ್ಥಮಾಡಿಕೊಂಡೆ. ರಾಜರಿದ್ದಾರೆ, ಗಡಿಗಳಿವೆ, ಮದುವೆ ಮತ್ತು ಒಪ್ಪಂದಗಳಿವೆ, ಇವೆಲ್ಲ ನಮಗೆ ಪರಿಚಿತವಾದ ಸಂಗತಿಗಳೇ. ಆದರೆ ಕ್ಲ್ಯಾನ್‌ಗಳ, ಎಂದರೆ ಯೋಧಕುಲಗಳ, ವಿಷಯಕ್ಕೆ ಬಂದಾಗ ನನ್ನ ಲೆಕ್ಕ ತಪ್ಪುತ್ತಿದೆ.

ನಾನು ತಿಳಿದುಕೊಂಡದ್ದು ಇಷ್ಟು. ಮನುಕುಲದ ಲೋಕಗಳನ್ನು ಒಂದುಗೂಡಿಸಿದ್ದ ಸ್ಟಾರ್ ಲೀಗ್ ಕುಸಿದ ಮೇಲೆ, 2784ರಲ್ಲಿ ಅಲೆಕ್ಸಾಂಡರ್ ಕೆರೆನ್ಸ್ಕಿ ತನ್ನ ಸೈನ್ಯದ ಬಹುಪಾಲನ್ನು ಕರೆದುಕೊಂಡು ಪರಿಚಿತ ನಕ್ಷತ್ರಗಳನ್ನು ಬಿಟ್ಟು ಹೊರಟುಹೋದ. ಅವನ ಮಗ ನಿಕೋಲಸ್ ಕೆರೆನ್ಸ್ಕಿ 2807ರಲ್ಲಿ 800 ಯೋಧರನ್ನು ತಲಾ 40ರಂತೆ 20 ಕುಲಗಳಾಗಿ ವಿಂಗಡಿಸಿದ. ಹಳೆಯ ದೇಶಾಭಿಮಾನಗಳು ಮತ್ತೆ ತಲೆಯೆತ್ತಬಾರದು, ಸೋದರರು ಸೋದರರನ್ನು ಕೊಲ್ಲುವ ಅಂತರ್ಯುದ್ಧ ಮರುಕಳಿಸಬಾರದು ಎಂಬುದು ಅವನ ಉದ್ದೇಶವಾಗಿತ್ತು. ಹಾಗಿದ್ದ ಮೇಲೆ, ಒಂದೇ ಮೂಲದಿಂದ ಬಂದ, ಒಂದೇ ಸಂಸ್ಥಾಪಕನನ್ನು ಪೂಜ್ಯನೆಂದು ಕಾಣುವ, ಒಂದೇ ಕಟ್ಟುಪಾಡಿಗೆ ಒಳಪಟ್ಟ ಈ ಕುಲಗಳು 3050ರಲ್ಲಿ ತಾಯ್ನೆಲದತ್ತ ದಂಡೆತ್ತಿ ಬಂದಾಗ ಶತ್ರುವಿಗಿಂತ ಹೆಚ್ಚಾಗಿ ಪರಸ್ಪರರನ್ನೇ ದ್ವೇಷಿಸಿದ್ದು ಏಕೆ?

ವಿಶೇಷವಾಗಿ ವುಲ್ಫ್ ಮತ್ತು ಜೇಡ್ ಫಾಲ್ಕನ್ ಕುಲಗಳ ನಡುವಿನ ವೈರ ನನ್ನನ್ನು ಕಾಡುತ್ತಿದೆ. ವುಲ್ಫ್ ಕುಲ ವಾರ್ಡನ್ ಬಣಕ್ಕೆ ಸೇರಿದ್ದು, ಜೇಡ್ ಫಾಲ್ಕನ್ ಕ್ರುಸೇಡರ್ ಬಣಕ್ಕೆ ಸೇರಿದ್ದು, ಆದ್ದರಿಂದ ಜಗಳ ಎಂಬ ವಿವರಣೆಯನ್ನು ಹಲವು ಕಡೆ ಓದಿದೆ. ನನಗೆ ಅದು ಸಾಲದು. ಬಣದ ಭೇದ ಕೇವಲ ಹೆಸರಿಗೆ ಇದ್ದು, ಒಳಗಿನದು ಶುದ್ಧ ಪ್ರತಿಷ್ಠೆಯ ಹೋರಾಟವೇ? ಅಥವಾ ಇಬ್ಬರೂ ನಿಜವಾಗಿಯೂ ತಮ್ಮ ತಮ್ಮ ತತ್ತ್ವಕ್ಕಾಗಿ ಪ್ರಾಣ ಕೊಡಲು ಸಿದ್ಧರಿದ್ದರೇ? ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಷಟ್ಕೋನ

ನಿಮ್ಮ ಪ್ರಶ್ನೆಯಲ್ಲಿಯೇ ಒಂದು ಊಹೆ ಅಡಗಿದೆ: ಒಗ್ಗಟ್ಟಿಗಾಗಿ ಕಟ್ಟಿದ ವ್ಯವಸ್ಥೆಯೊಂದು ಕೆಟ್ಟುಹೋಗಿ ಜಗಳ ಹುಟ್ಟಿತು ಎಂದು ನೀವು ಭಾವಿಸಿದ್ದೀರಿ. ಈ ಆಟವನ್ನು ಬಹಳ ವರ್ಷಗಳಿಂದ ಆಡುತ್ತ, ಈ ಇತಿಹಾಸವನ್ನು ಮತ್ತೆ ಮತ್ತೆ ಓದುತ್ತ ಬಂದವನಾಗಿ ನನಗೆ ಅನ್ನಿಸುವುದು ಇದಕ್ಕೆ ತೀರ ವಿರುದ್ಧವಾದದ್ದು. ನಿಕೋಲಸ್ ಪೈಪೋಟಿಯನ್ನು ನಿರ್ಮೂಲ ಮಾಡಲಿಲ್ಲ. ಅದನ್ನು ಪಳಗಿಸಿ, ನೊಗ ಹೂಡಿ, ಇಡೀ ಸಮಾಜದ ರಥವನ್ನು ಅದರಿಂದಲೇ ಎಳೆಸಿದ. ವುಲ್ಫ್ ಮತ್ತು ಫಾಲ್ಕನ್ ಕಾದಾಡಿದಾಗ ಆ ವ್ಯವಸ್ಥೆ ಮುರಿದುಬಿದ್ದಿರಲಿಲ್ಲ, ತಾನು ಯಾವ ಕೆಲಸಕ್ಕಾಗಿ ಹುಟ್ಟಿತ್ತೋ ಅದನ್ನೇ ಮಾಡುತ್ತಿತ್ತು.

ಒಬ್ಬ ಯೋಧನ ಬದುಕನ್ನು ನೋಡಿ. ಅವನು ತಾಯಿಯ ಗರ್ಭದಲ್ಲಿ ಹುಟ್ಟುವುದಿಲ್ಲ. ಆಯ್ದ ವಂಶವಾಹಿಗಳಿಂದ ಯಂತ್ರಗರ್ಭದಲ್ಲಿ ರೂಪುಗೊಂಡು, ತನ್ನಂತೆಯೇ ಹುಟ್ಟಿದ ಒಡಹುಟ್ಟಿದವರೊಂದಿಗೆ ಸಿಬ್ಕೊ ಎಂಬ ಗುಂಪಿನಲ್ಲಿ ಬೆಳೆಯುತ್ತಾನೆ. ತರಬೇತಿಯ ಪ್ರತಿ ಹಂತದಲ್ಲಿಯೂ ಆ ಗುಂಪು ಕರಗುತ್ತ ಹೋಗುತ್ತದೆ. ಸೋತವರು ಕೆಳಜಾತಿಗಳಿಗೆ ಸೇರುತ್ತಾರೆ, ಇಲ್ಲವೇ ಸಾಯುತ್ತಾರೆ. ಉಳಿದವನು ಪದವಿಯ ಕಾಳಗವನ್ನು ಗೆದ್ದು ಯೋಧನಾದ ಮೇಲೂ ಅವನಿಗೆ ಇನ್ನೂ ಕುಲನಾಮವಿಲ್ಲ. ಮೂಲದ 800 ಯೋಧರ ಹೆಸರುಗಳೇ ಬ್ಲಡ್‌ನೇಮ್‌ಗಳು. ಒಂದು ಹೆಸರನ್ನು ಏಕಕಾಲದಲ್ಲಿ ಹೆಚ್ಚೆಂದರೆ 25 ಜನ ಮಾತ್ರ ಧರಿಸಬಹುದು. ಧರಿಸಿದವನೊಬ್ಬ ತೀರಿಕೊಂಡಾಗ 32 ಸ್ಪರ್ಧಿಗಳು ಐದು ಸುತ್ತುಗಳ ದ್ವಂದ್ವಯುದ್ಧದಲ್ಲಿ ಆ ಹೆಸರಿಗಾಗಿ ಹೋರಾಡುತ್ತಾರೆ. ಪ್ರತಿ ಸುತ್ತಿಗೂ ಮುನ್ನ ಇಬ್ಬರ ನಾಣ್ಯಗಳನ್ನೂ ಒಂದು ಕೊಳವೆಯೊಳಗೆ ಬಿಡುತ್ತಾರೆ. ಅವು ಬಿದ್ದ ಕ್ರಮದಂತೆ ಒಬ್ಬನಿಗೆ ಕಾಳಗದ ರೀತಿಯನ್ನು ಆರಿಸುವ ಹಕ್ಕು, ಇನ್ನೊಬ್ಬನಿಗೆ ಸ್ಥಳವನ್ನು ಆರಿಸುವ ಹಕ್ಕು. 75 ಟನ್ನಿನ ಮೆಕ್‌ನೊಳಗೆ, ಎಂದರೆ ಯೋಧ ಒಳಗೆ ಕುಳಿತು ನಡೆಸುವ ಯುದ್ಧಯಂತ್ರದೊಳಗೆ, ಅಜೇಯನಾಗಿದ್ದವನು ಮರುಸುತ್ತಿನಲ್ಲಿ ಬರಿಗೈಯಲ್ಲಿ ಸೆಣಸಬೇಕಾಗಬಹುದು. ಇಷ್ಟೆಲ್ಲ ದಾಟಿ ಹೆಸರು ಪಡೆದವನಿಗೆ ಮಾತ್ರ ಕುಲಸಭೆಯಲ್ಲಿ ಕೂರುವ, ಮತ ಹಾಕುವ, ಖಾನ್ (ಕುಲದ ನಾಯಕ) ಆಗುವ ಅಧಿಕಾರ. ಅಂದರೆ ಆ ಸಭೆಯಲ್ಲಿ ಕುಳಿತ ಪ್ರತಿಯೊಬ್ಬರೂ ತಮ್ಮ ಒಡಹುಟ್ಟಿದವರನ್ನು ಮೆಟ್ಟಿಯೇ ಅಲ್ಲಿಗೆ ಬಂದವರು. ಅಂಥವರ ಕೈಗೆ ರಾಜಕೀಯ ಕೊಟ್ಟರೆ ಅದು ಬೇರೆ ರೂಪ ತಾಳಲು ಸಾಧ್ಯವೇ ಇಲ್ಲ.

ಇನ್ನು ಪಂಥಾಹ್ವಾನದ ಪದ್ಧತಿ. ಈ ಭಾಗವನ್ನು ಓದಿ ಬಿಟ್ಟರೆ ಸಾಲದು, ಆಡಿಯೇ ನೋಡಬೇಕು. ದಾಳಿಗೆ ಬಂದ ದಳಪತಿ ತನ್ನ ಹೆಸರನ್ನೂ ಕುಲವನ್ನೂ ಹೇಳಿ, ಈ ಲೋಕವನ್ನು ಕಾಯುತ್ತಿರುವ ಸೈನ್ಯ ಯಾವುದು ಎಂದು ಬಹಿರಂಗವಾಗಿ ಕೇಳುತ್ತಾನೆ. ಉತ್ತರ ಬಂದ ಮೇಲೆ ಅದೇ ಕುಲದ ದಳಪತಿಗಳು ತಮ್ಮತಮ್ಮೊಳಗೆ ಹರಾಜು ಕೂಗುತ್ತಾರೆ. ಈ ಹರಾಜು ಏರುವುದಿಲ್ಲ, ಇಳಿಯುತ್ತದೆ. ಯಾರು ಅತ್ಯಂತ ಕಡಿಮೆ ಸೈನ್ಯದಿಂದ ಗೆಲ್ಲುತ್ತೇನೆ ಎನ್ನುತ್ತಾರೋ ದಾಳಿಯ ಗೌರವ ಅವರದು. ನಮ್ಮ ಆಟದ ಗುಂಪಿನಲ್ಲಿ ಒಮ್ಮೆ ನಾನು ಮತ್ತು ನನ್ನ ಗೆಳೆಯ ಒಂದೇ ಕುಲದ ಇಬ್ಬರು ಸ್ಟಾರ್ ಕರ್ನಲ್‌ಗಳಾಗಿ ಕುಳಿತಿದ್ದೆವು. ಅವನು ಮೂರು ಸ್ಟಾರ್, ಎಂದರೆ 15 ಮೆಕ್‌ಗಳನ್ನು ಮುಂದಿಟ್ಟ. ನಾನು ಐದನ್ನು ಕೈಬಿಟ್ಟು ಹತ್ತಕ್ಕೆ ಇಳಿದೆ. ಅವನು ಹತ್ತರಲ್ಲಿ ಒಂದು ಸ್ಟಾರನ್ನು ತೆಗೆದು ಅದರ ಜಾಗಕ್ಕೆ ಕವಚಧಾರಿ ಎಲಿಮೆಂಟಲ್ ಪದಾತಿಗಳನ್ನು ಸೇರಿಸಿದ. ನಾನು ಆ ಪದಾತಿಗಳೂ ಬೇಡವೆಂದೆ. ಐದು ಮೆಕ್‌ಗಳನ್ನು ನಕ್ಷೆಯ ಮೇಲೆ ಇಟ್ಟು, ಎದುರುಗಡೆ ರಕ್ಷಕನ ಹನ್ನೆರಡು ಮೆಕ್‌ಗಳನ್ನು ಕಂಡಾಗ ನನಗೆ ಹೊಳೆದದ್ದು ಒಂದೇ ಮಾತು: ಈ ಅರ್ಧ ಗಂಟೆಯಲ್ಲಿ ನಾನು ಶತ್ರುವಿನ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ, ಗೆಳೆಯನನ್ನು ಹಿಂದಿಕ್ಕುವುದೊಂದೇ ನನ್ನ ತಲೆಯಲ್ಲಿತ್ತು. ಆ ಕಾಳಗವನ್ನು ನಾನು ಸೋತೆ. ಆದರೆ ಕ್ಲ್ಯಾನ್ ರಾಜಕೀಯ ನನಗೆ ಅರ್ಥವಾದದ್ದು ಆ ದಿನ.

ಇದೇ ಮನೋಧರ್ಮವನ್ನು ಒಂದು ಲೋಕದಿಂದ ಇಡೀ ನಕ್ಷತ್ರಮಂಡಲಕ್ಕೆ ಹಿಗ್ಗಿಸಿದರೆ 3050ರ ದಂಡಯಾತ್ರೆ ಕಾಣುತ್ತದೆ. ಟೆರ್ರಾವನ್ನು, ಎಂದರೆ ನಮ್ಮ ಭೂಮಿಯನ್ನು, ಮೊದಲು ಗೆದ್ದ ಕುಲ ಇಲ್‌ಕ್ಲ್ಯಾನ್ ಆಗಿ ಉಳಿದೆಲ್ಲ ಕುಲಗಳ ಮೇಲೆ ನಿಲ್ಲುತ್ತದೆ ಎಂಬುದು ಒಪ್ಪಿತವಾದ ಮಾತಾಗಿತ್ತು. ಎರಡನೆಯ ಸ್ಥಾನಕ್ಕೆ ಏನೂ ಇರಲಿಲ್ಲ. ಹೀಗಿರುವಾಗ ಪಕ್ಕದ ದಾರಿಯಲ್ಲಿ ಮುನ್ನುಗ್ಗುತ್ತಿರುವ ಕುಲಕ್ಕೆ ಸಹಾಯ ಮಾಡುವುದೆಂದರೆ ನಿಮ್ಮ ಮಕ್ಕಳನ್ನು ಅವರ ಅಡಿಯಾಳಾಗಿ ಬರೆದುಕೊಟ್ಟಂತೆ. ಆದ್ದರಿಂದ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನನ್ನ ಉತ್ತರವಿಷ್ಟೇ: ತತ್ತ್ವವಿತ್ತು, ನಿಜ. ಆದರೆ ತತ್ತ್ವವಿಲ್ಲದಿದ್ದರೂ ಆ ಜಗಳ ಇರುತ್ತಿತ್ತು.

ಉತ್ತರ: ತುರ್ಕಿನಾ

ಷಟ್ಕೋನ ಅವರ ವಿವರಣೆಯ ಮೊದಲ ಭಾಗವನ್ನು ಮನಸಾರೆ ಒಪ್ಪುತ್ತೇನೆ. ಕೊನೆಯ ಸಾಲನ್ನು ಒಪ್ಪಲಾರೆ. ತತ್ತ್ವವಿಲ್ಲದಿದ್ದರೂ ಜಗಳ ಇರುತ್ತಿತ್ತು ಎಂದುಬಿಟ್ಟರೆ, ಆ ತತ್ತ್ವಕ್ಕಾಗಿ ಸುಮಾರು ಎರಡೂವರೆ ಶತಮಾನ ಬದುಕಿದವರಿಗೆ ಅನ್ಯಾಯವಾಗುತ್ತದೆ.

ಎರಡೂ ಬಣಗಳು ಆರಂಭಿಸುವುದು ಒಂದೇ ಪ್ರಶ್ನೆಯಿಂದ: ನಾವು ಮನೆ ಬಿಟ್ಟು ಬಂದದ್ದು ಏಕೆ? ಕ್ರುಸೇಡರ್‌ಗಳ ಉತ್ತರ ಹೀಗಿದೆ. ತಾಯ್ನೆಲವನ್ನು ಸ್ವಾರ್ಥಿಗಳಾದ ಐದು ಮನೆತನಗಳು ಹರಿದು ಹಂಚಿಕೊಂಡಿವೆ. ಒಂದು ದಿನ ಹಿಂತಿರುಗಿ ಅವರನ್ನು ಬಡಿದು ಸ್ಟಾರ್ ಲೀಗನ್ನು ಮರಳಿ ಸ್ಥಾಪಿಸುವುದೇ ನಮ್ಮ ಹುಟ್ಟಿನ ಅರ್ಥ. ವಾರ್ಡನ್‌ಗಳ ಉತ್ತರ ಬೇರೆ. ತಾಯ್ನೆಲಕ್ಕೆ ಹೊರಗಿನಿಂದ ಅಪಾಯ ಬಂದಾಗ ಅಡ್ಡ ನಿಲ್ಲಲು ನಾವು ಮರೆಯಲ್ಲಿ ಕಾದಿರಬೇಕು. ಕಾವಲುಗಾರನೇ ಮನೆಗೆ ನುಗ್ಗುವುದು ದ್ರೋಹ. ಈ ಎರಡು ನಂಬಿಕೆಗಳ ನಡುವೆ ಒಪ್ಪಂದದ ಜಾಗವಿಲ್ಲ. ದಂಡೆತ್ತಬೇಕೆಂಬ ಒತ್ತಾಯ ಮೊದಲ ಬಾರಿ ಬಲವಾದಾಗ ವುಲ್ಫ್ ಕುಲದ ಖಾನ್ ಕೆರ್ಲಿನ್ ವಾರ್ಡ್ ಹಾವೂ ಸಾಯದ, ಕೋಲೂ ಮುರಿಯದ ದಾರಿಯೊಂದನ್ನು ಸೂಚಿಸಿದ. ಮೊದಲು ಬೇಹುಗಾರರನ್ನು ಕಳಿಸೋಣ, ಆಮೇಲೆ ತೀರ್ಮಾನಿಸೋಣ ಎಂದ. ಹಾಗೆ ಕೂಲಿ ಸೈನಿಕರ ವೇಷದಲ್ಲಿ 3005ರಲ್ಲಿ ತಾಯ್ನೆಲವನ್ನು ಮುಟ್ಟಿದವರೇ ವುಲ್ಫ್ಸ್ ಡ್ರಗೂನ್ಸ್. ಅವರಿಗೆ ಕೆರ್ಲಿನ್ ವಾರ್ಡ್ ಗುಟ್ಟಾಗಿ ಕೊಟ್ಟ ಕೊನೆಯ ಆಜ್ಞೆ ಏನು ಗೊತ್ತೇ? ವರದಿ ಕಳಿಸುವುದನ್ನು ನಿಲ್ಲಿಸಿ, ತಾಯ್ನೆಲದವರನ್ನು ನಮ್ಮ ವಿರುದ್ಧ ಸಜ್ಜುಗೊಳಿಸಿ ಎಂಬುದು. ತನ್ನ ಕುಲದ ಪ್ರತಿಷ್ಠೆಯೊಂದೇ ಮುಖ್ಯವಾಗಿದ್ದವನು ಇಂಥ ಆಜ್ಞೆ ಕೊಡುವುದಿಲ್ಲ. ಜೇಡ್ ಫಾಲ್ಕನ್ ಕಡೆಯಿಂದ ನೋಡಿದರೆ ಇದು ಘೋರ ವಂಚನೆ. ಎಲ್ಲ ಕುಲಗಳ ಖಾನ್‌ಗಳು ಸೇರುವ ಮಹಾಸಭೆಯ ನಂಬಿಕೆಯ ಮೇಲೆ ಹೊರಟ ಬೇಹುಗಾರರನ್ನು ಒಂದು ಕುಲ ತನ್ನ ಸಿದ್ಧಾಂತಕ್ಕಾಗಿ ಶತ್ರುವಿನ ಗುರುಗಳನ್ನಾಗಿ ಮಾಡಿತು. ಫಾಲ್ಕನ್‌ಗಳ ಕೋಪ ಬರೀ ಹೊಟ್ಟೆಕಿಚ್ಚು ಎನ್ನುವವರು ಇದನ್ನು ಮರೆಯುತ್ತಾರೆ.

ಫಾಲ್ಕನ್‌ಗಳನ್ನು ಖಳರಂತೆ ಬಣ್ಣಿಸುವುದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಸಂಸ್ಥಾಪಕ ಖಾನ್‌ಗಳಲ್ಲೊಬ್ಬಳಾದ ಎಲಿಜಬೆತ್ ಹೇಜನ್ ಸಾಕಿದ ಗಿಡುಗದ ಹೆಸರೇ ತುರ್ಕಿನಾ. ಆ ಕುಲದ ಅತ್ಯುತ್ತಮ ದಳ ಇಂದಿಗೂ ಆ ಹೆಸರನ್ನು ಹೊತ್ತಿದೆ, ನಾನು ಇಲ್ಲಿ ಬರೆಯುವುದೂ ಆ ಹೆಸರಿನಲ್ಲಿಯೇ. ಆ ಕುಲದ ಯೋಧ ಏಡನ್ ಪ್ರೈಡ್‌ನ ಕಥೆಯನ್ನು ನೆನೆಯಿರಿ. ಮೊದಲ ಪರೀಕ್ಷೆಯಲ್ಲಿ ಸೋತು, ಗರ್ಭಜಾತನೊಬ್ಬನ ಹೆಸರಿನಲ್ಲಿ, ತಾನು ಹುಟ್ಟಿನಿಂದಲೇ ಹೇಸಲು ಕಲಿತಿದ್ದ ವರ್ಗದ ಅವಮಾನವನ್ನು ವರ್ಷಗಟ್ಟಲೆ ಹೊತ್ತು, ಕೊನೆಗೆ ಬ್ಲಡ್‌ನೇಮ್ ಗೆದ್ದವನು ಅವನು. 3052ರಲ್ಲಿ ಟುಕೈಯಿಡ್ ಲೋಕದಲ್ಲಿ ತನ್ನವರು ಹಿಂದೆಗೆಯುವಾಗ ಒಬ್ಬನೇ ಹಿಂದೆ ನಿಂತು, ತಾಯ್ನೆಲದ ಸಂಪರ್ಕಜಾಲವನ್ನು ನಡೆಸುವ ಕಾಮ್‌ಸ್ಟಾರ್ ಸಂಸ್ಥೆಯ ಸೈನ್ಯವನ್ನು ತಡೆದು ಅಲ್ಲಿಯೇ ಮಡಿದ. ಅವನನ್ನು ಅಲ್ಲಿ ನಿಲ್ಲಿಸಿದ್ದು ವುಲ್ಫ್ ಮೇಲಿನ ಮತ್ಸರವಲ್ಲ.

ಇನ್ನೊಂದು ಮಾತು. ವುಲ್ಫ್ ಕುಲಕ್ಕೆ ಕೆರೆನ್ಸ್ಕಿ ಎಂಬ ಬ್ಲಡ್‌ನೇಮ್ ಮೀಸಲು. ಉಳಿದ ಯಾವ ಕುಲದ ಯೋಧನೂ, ಎಷ್ಟೇ ಶೂರನಾದರೂ, ಸಂಸ್ಥಾಪಕನ ಹೆಸರನ್ನು ಧರಿಸುವಂತಿಲ್ಲ. ಸಮಾನರ ಸಮಾಜವೆಂದು ಹೇಳಿಕೊಳ್ಳುವ ಕಡೆ ಇಂಥ ಒಂದು ಮೀಸಲಾತಿ ಇರುವಾಗ, ಅದನ್ನು ಅನುಭವಿಸುವ ಕುಲವೇ ಎದ್ದುನಿಂತು ನಿಕೋಲಸ್‌ನ ಕನಸಿಗೆ ನಾವು ಹೇಳಿದ್ದೇ ಅರ್ಥವೆಂದು ವಾದಿಸಿದರೆ ಎದುರಿನವರ ಮನಸ್ಸು ಹೇಗಾಗಬೇಡ?

ಪ್ರಶ್ನೆ ಕೇಳಿದವರ ಮರುಮಾತು: ಹೊಸ ಓದುಗ

ಇಬ್ಬರಿಗೂ ಕೃತಜ್ಞತೆಗಳು. ಹರಾಜಿನ ಪ್ರಸಂಗ ಓದಿದ ಮೇಲೆ ನನಗೆ ಹಲವು ಗಂಟುಗಳು ಸಡಿಲಾದವು. ಆದರೆ ಒಂದು ಸಂಗತಿ ಇನ್ನೂ ಬಗೆಹರಿಯಲಿಲ್ಲ. ವುಲ್ಫ್ ಕುಲದ ಖಾನ್ ಉಲ್ರಿಕ್ ಕೆರೆನ್ಸ್ಕಿ ದಂಡಯಾತ್ರೆಯನ್ನು ವಿರೋಧಿಸಿದ ವಾರ್ಡನ್. ಆದರೂ ಅವನ ಕುಲವೇ ಅತಿ ಹೆಚ್ಚು ಲೋಕಗಳನ್ನು ಗೆದ್ದಿತು, ಕ್ರುಸೇಡರ್‌ಗಳೇ ತುಂಬಿದ್ದ ಮಹಾಸಭೆ ಅವನನ್ನೇ ಇಲ್‌ಖಾನ್ ಆಗಿ, ಎಂದರೆ ಎಲ್ಲ ಕುಲಗಳ ಮೇಲಿನ ನಾಯಕನಾಗಿ, ಆರಿಸಿತು, ಅದೇ ಸಭೆ 3057ರಲ್ಲಿ ಅವನ ಮೇಲೆ ನರಮೇಧದ ಆರೋಪ ಹೊರಿಸಿತು. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವುದು ಹೇಗೆ?

ಉತ್ತರ: ಗ್ರಂಥಪಾಲ

ನಾನು ಈ ಚರ್ಚೆಯನ್ನು ಓದುತ್ತ ಸುಮ್ಮನಿದ್ದೆ. ಉಲ್ರಿಕ್‌ನ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಕಾಲ್ಪನಿಕ ಲೋಕಗಳ ರಾಜಕಾರಣಿಗಳಲ್ಲಿ ನಾನು ಇಷ್ಟು ಗಮನವಿಟ್ಟು ಓದಿದ ಇನ್ನೊಬ್ಬನಿಲ್ಲ.

ದಾರ ಸಿಗಬೇಕಾದರೆ ಕ್ಲ್ಯಾನ್‌ಗಳಲ್ಲಿ ಸೋತ ವಾದಕ್ಕೂ ಗೆದ್ದ ವಾದಕ್ಕೂ ಇರುವ ಸಂಬಂಧವನ್ನು ಮೊದಲು ಹಿಡಿಯಬೇಕು. 3048ರಲ್ಲಿ ಔಟ್‌ಬೌಂಡ್ ಲೈಟ್ ಎಂಬ ಕಾಮ್‌ಸ್ಟಾರ್ ಅನ್ವೇಷಣಾ ನೌಕೆ ಸ್ಮೋಕ್ ಜಾಗ್ವಾರ್ ಕುಲದ ಕೈಗೆ ಸಿಕ್ಕಿತು. ತಾಯ್ನೆಲದವರು ನಮ್ಮ ಬಾಗಿಲಿಗೇ ಬಂದುಬಿಟ್ಟರು ಎಂಬ ಕೂಗಿನ ಮೇಲೆ ಮಹಾಸಭೆ ದಂಡಯಾತ್ರೆಗೆ ಮತ ಹಾಕಿತು, ಜಾಗ್ವಾರ್ ಕುಲದ ಲಿಯೋ ಶವರ್ಸ್ ಇಲ್‌ಖಾನ್ ಆದ. ಆಗ ಉಳಿದಿದ್ದವು 17 ಕುಲಗಳು. ವುಲ್ಫ್ ವಿರೋಧಿಸಿತು, ಸಭೆಯ ತೀರ್ಮಾನವನ್ನು ಕಾದಾಡಿ ರದ್ದುಪಡಿಸಲು ಯತ್ನಿಸುವ ನಿರಾಕರಣೆಯ ಕಾಳಗದಲ್ಲಿಯೂ ಸೋತಿತು. ಈ ಕಾಳಗದ ನಿಯಮ ಗಮನಾರ್ಹ: ಸಭೆಯಲ್ಲಿ ಮತಗಳು ಯಾವ ಪ್ರಮಾಣದಲ್ಲಿ ಹಂಚಿಹೋಗಿದ್ದವೋ, ಕಣದಲ್ಲಿ ಸೈನ್ಯವನ್ನು ಇಳಿಸುವ ಹಕ್ಕೂ ಅದೇ ಪ್ರಮಾಣದಲ್ಲಿರುತ್ತದೆ. ಮೂವರು ಪರವಾಗಿ ಒಬ್ಬ ವಿರೋಧವಾಗಿದ್ದರೆ ಗೆದ್ದವರು ಮೂರು ಪಟ್ಟು ಸೈನ್ಯ ತರಬಹುದು. ಹೀಗೆ ಸೋತ ಮೇಲೆ ವಾದ ಮುಗಿಯಿತು. ಮುನಿಸಿಕೊಂಡು ಮೂಲೆಯಲ್ಲಿ ಕೂರುವ ಅವಕಾಶ ವುಲ್ಫ್ ಕುಲಕ್ಕಿರಲಿಲ್ಲ. ಮಾತಿನ ಬಲ ಬೇಕೆಂದರೆ ರಣದಲ್ಲಿ ಮುಂದಿರಲೇಬೇಕಾಗಿತ್ತು. ಉಲ್ರಿಕ್ ಗೆದ್ದದ್ದು ಆ ಕಾರಣಕ್ಕೆ. ದಂಡಯಾತ್ರೆಯನ್ನು ನಿಲ್ಲಿಸುವ ಅಧಿಕಾರ ದಂಡಯಾತ್ರೆಯಲ್ಲಿ ಗೆದ್ದವನಿಗೆ ಮಾತ್ರ ಸಿಗುವ ಸಮಾಜ ಅದು.

ಕ್ರುಸೇಡರ್‌ಗಳು ತಮ್ಮ ಬಲವನ್ನು ತಾವೇ ಕಳೆದುಕೊಂಡದ್ದೂ ಉಂಟು. ಟರ್ಟಲ್ ಬೇ ಲೋಕದಲ್ಲಿ ಬಂಡೆದ್ದ ಎಡೋ ನಗರವನ್ನು ಸ್ಮೋಕ್ ಜಾಗ್ವಾರ್‌ಗಳು ಯುದ್ಧನೌಕೆಯಿಂದ ಸುಟ್ಟು ಬೂದಿ ಮಾಡಿದಾಗ ಇತರ ಕುಲಗಳೇ ಹೇಸಿದವು. ಬಳಿಕ 3050ರ ಅಕ್ಟೋಬರ್ 31ರಂದು ರಾಡ್‌ಸ್ಟಾಟ್ ಬಳಿ ತಾಯ್ನೆಲದ ರಾಸಲ್‌ಹೇಗ್ ರಾಜ್ಯದ ಪೈಲಟ್ ಟೈರಾ ಮಿರಾಬೋರ್ಗ್ ತನ್ನ ಹಾನಿಗೊಂಡ ಯುದ್ಧವಿಮಾನವನ್ನು ವುಲ್ಫ್ ಕುಲದ ಮುಖ್ಯ ನೌಕೆಗೆ ನೇರವಾಗಿ ಅಪ್ಪಳಿಸಿದಳು; ಅಲ್ಲಿದ್ದ ಲಿಯೋ ಶವರ್ಸ್ ಸತ್ತ. ಹೊಸ ಇಲ್‌ಖಾನ್ ಆಯ್ಕೆಗೆಂದು ಖಾನ್‌ಗಳೆಲ್ಲರೂ ಕ್ಲ್ಯಾನ್‌ಗಳ ರಾಜಧಾನಿ ಲೋಕವಾದ ಸ್ಟ್ರಾನಾ ಮೆಕ್ಟಿಗೆ ಮರಳಬೇಕಾಯಿತು. ಒಬ್ಬ ಪೈಲಟ್‌ನ ಬಲಿದಾನ ತಾಯ್ನೆಲಕ್ಕೆ ಸುಮಾರು ಒಂದು ವರ್ಷದ ಬಿಡುವು ತಂದುಕೊಟ್ಟಿತು. ನನಗೆ ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ತೂಕದ ಕ್ಷಣ ಇನ್ನೊಂದಿಲ್ಲ.

ಆ ಸಭೆ ಉಲ್ರಿಕ್‌ನನ್ನು ಆರಿಸಿದ್ದು ಮೆಚ್ಚುಗೆಯಿಂದಲ್ಲ ಎಂಬುದು ನನ್ನ ಓದು. ಇಲ್‌ಖಾನ್ ಆದವನು ತನ್ನ ಕುಲದ ಖಾನ್ ಪದವಿಯನ್ನು ಬಿಡಬೇಕು. ಮುಂಚೂಣಿಯಲ್ಲಿದ್ದ ಕುಲದಿಂದ ಅದರ ನಾಯಕನನ್ನು ಕಿತ್ತು, ಅವನು ಒಪ್ಪದ ದಂಡಯಾತ್ರೆಯ ಹೊಣೆಯನ್ನು ಅವನ ಹೆಗಲಿಗೇ ಕಟ್ಟುವ ಉಪಾಯ ಅದು. ಉಲ್ರಿಕ್ ಆ ಉಪಾಯವನ್ನೇ ತಿರುಗಿಸಿ ಹಿಡಿದ. ಮೀಸಲಿನಲ್ಲಿದ್ದ ಕುಲಗಳನ್ನು ರಂಗಕ್ಕೆ ಕರೆದು, ಸ್ಟೀಲ್ ವೈಪರ್‌ಗಳನ್ನು ಜೇಡ್ ಫಾಲ್ಕನ್‌ಗಳ ದಾರಿಯಲ್ಲಿ, ನೋವಾ ಕ್ಯಾಟ್‌ಗಳನ್ನು ಸ್ಮೋಕ್ ಜಾಗ್ವಾರ್‌ಗಳ ದಾರಿಯಲ್ಲಿ ನಿಲ್ಲಿಸಿದ. ಕಾಗದದ ಮೇಲೆ ಅದು ಬಲವರ್ಧನೆ. ನಿಜದಲ್ಲಿ ಪ್ರತಿ ಕ್ರುಸೇಡರ್ ಕುಲದ ಮನೆಯೊಳಗೆ ಒಬ್ಬ ಪ್ರತಿಸ್ಪರ್ಧಿಯನ್ನು ಕೂರಿಸಿದಂತೆ. ಆ ಬೀಜ ಎಷ್ಟು ಆಳಕ್ಕೆ ಬಿತ್ತೆಂದರೆ, ಉಲ್ರಿಕ್ ಸತ್ತು ವರ್ಷಗಳಾದ ಮೇಲೆ, 3061ರಲ್ಲಿ, ಫಾಲ್ಕನ್‌ಗಳು ವೈಪರ್‌ಗಳನ್ನು ಹೊಡೆದು ಅಲ್ಲಿಂದ ಓಡಿಸಿದರು.

ನಂತರ ಟುಕೈಯಿಡ್. ಕ್ಲ್ಯಾನ್‌ಗಳು ಗೆದ್ದರೆ ಟೆರ್ರಾ ಅವರದು, ಕಾಮ್‌ಸ್ಟಾರ್ ಗೆದ್ದರೆ 15 ವರ್ಷ ಆ ಗಡಿಯಿಂದ ಮುಂದೆ ಬರುವಂತಿಲ್ಲ ಎಂದು ಉಲ್ರಿಕ್ ಮತ್ತು ಕಾಮ್‌ಸ್ಟಾರ್ ಸೇನಾಪತಿ ಅನಸ್ಟೇಶಿಯಸ್ ಫೋಕ್ಟ್ ಪಣ ಕಟ್ಟಿದರು. ಏಳು ಕುಲಗಳು ಇಳಿದವು. 3052ರ ಮೇ 1ರಿಂದ 21ರವರೆಗೆ ನಡೆದ ಆ ಯುದ್ಧದಲ್ಲಿ ಬಹುತೇಕ ಕುಲಗಳು ನಾಲ್ಕಾರು ದಿನಗಳ ಕೆಲಸವೆಂದು ಎಣಿಸಿ ಬಂದವು, ಮದ್ದುಗುಂಡು ತೀರಿ ಸೋತವು. ದೀರ್ಘ ಯುದ್ಧಕ್ಕೆಂದು ದಾಸ್ತಾನು ತಂದಿದ್ದ ವುಲ್ಫ್ ಮಾತ್ರ ಸ್ಪಷ್ಟವಾಗಿ ಗೆದ್ದಿತು. ಉಲ್ರಿಕ್‌ನ ಕುಲ ಗೆದ್ದು, ಒಟ್ಟಾರೆ ಪಣ ಸೋತು, ದಂಡಯಾತ್ರೆ ನಿಂತಿತು! ಕ್ರುಸೇಡರ್‌ಗಳಿಗೆ ಇದು ಯೋಜಿತ ಸಂಚಿನಂತೆ ಕಂಡರೆ ಅವರನ್ನು ದೂಷಿಸುವುದು ಕಷ್ಟ.

ನರಮೇಧದ ಆರೋಪದ ಒಳಮರ್ಮವೂ ಇಲ್ಲಿಯೇ ಇದೆ. ಕ್ಲ್ಯಾನ್ ಯೋಧನ ಆಯುಷ್ಯ ಬಹಳ ಕಿರಿದು. ಮೂವತ್ತೈದು ದಾಟಿದವನು ಮುದುಕನೆನಿಸಿಕೊಳ್ಳುತ್ತಾನೆ. 15 ವರ್ಷಗಳ ಕದನವಿರಾಮವೆಂದರೆ ಒಂದು ಇಡೀ ಪೀಳಿಗೆ ಕಾದಾಡದೆ, ಬ್ಲಡ್‌ನೇಮ್‌ಗೆ ಬೇಕಾದ ಕೀರ್ತಿ ಗಳಿಸದೆ, ತನ್ನ ವಂಶವಾಹಿ ಮುಂದುವರಿಯುವ ಹಕ್ಕನ್ನೇ ಕಳೆದುಕೊಂಡು ಮರೆಯಾಗುವುದು. ನಮಗೆ ಶಾಂತಿಯಾಗಿ ಕಾಣುವುದು ಅವರಿಗೆ ಸಂತತಿಯ ನಾಶ. ಆರೋಪ ಮಾಡಿದವರು ಅದನ್ನು ಅಕ್ಷರಶಃ ನಂಬಿದ್ದರು.

ಉಲ್ರಿಕ್ ನಿರಾಕರಣೆಯ ಹಕ್ಕನ್ನು ಕೇಳಿದ, ಮಹಾಸಭೆಯ ಪರವಾಗಿ ಜೇಡ್ ಫಾಲ್ಕನ್ ನಿಂತಿತು. ಆ ಕಾಳಗವನ್ನು ಅವನು ಎರಡು ಇಡೀ ಕುಲಗಳ ಯುದ್ಧವಾಗಿ ಹಿಗ್ಗಿಸಿದ. ಗೆಲ್ಲುವುದು ಅವನ ಗುರಿಯಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ಕದನವಿರಾಮವನ್ನು ಮುರಿಯುವ ಶಕ್ತಿಯುಳ್ಳ ಕುಲದ ರಕ್ತವನ್ನು ಹರಿಸಿ ಅದನ್ನು ವರ್ಷಗಟ್ಟಲೆ ಏಳದಂತೆ ಮಾಡುವುದು, ಅಷ್ಟರಲ್ಲಿ ವಾರ್ಡನ್ ಮನಸ್ಸಿನ ಯೋಧರನ್ನು ವುಲ್ಫ್ ಕುಲದ ಫೀಲನ್ ಕೆಲ್ ಜೊತೆಗೆ ತಾಯ್ನೆಲದ ಆರ್ಕ್-ರಾಯಲ್ ಲೋಕಕ್ಕೆ ಪಾರುಮಾಡುವುದು, ಇವೆರಡೇ ಅವನ ಲೆಕ್ಕ. ಟ್ವೈಕ್ರಾಸ್ ಲೋಕದಲ್ಲಿ ವುಲ್ಫ್ ಕುಲದ ನಟಾಶಾ ಕೆರೆನ್ಸ್ಕಿ ಮಡಿದಳು. ವೋಟನ್‌ನಲ್ಲಿ, 3057ರ ಡಿಸೆಂಬರ್‌ನಲ್ಲಿ, ವಾಂಡರ್ವಾನ್ ಚಿಸ್ಟು ಎಂಬ ಫಾಲ್ಕನ್ ಖಾನ್ ದ್ವಂದ್ವದ ಧರ್ಮವನ್ನು ಮುರಿದು ಉಲ್ರಿಕ್‌ನನ್ನು ಕ್ಷಿಪಣಿಗಳ ಮಳೆಯಲ್ಲಿ ಕೊಲ್ಲಿಸಿದ.

ಉತ್ತರ: ತುರ್ಕಿನಾ

ಚಿಸ್ಟು ಮಾಡಿದ್ದು ಕಳಂಕ. ಅದನ್ನು ಸಮರ್ಥಿಸಲು ನನ್ನಲ್ಲಿ ಒಂದು ಮಾತೂ ಇಲ್ಲ. ಆದರೆ ಆ ಕಳಂಕವನ್ನು ಬಯಲಿಗೆಳೆದವನು ಯಾರೆಂಬುದನ್ನು ಗ್ರಂಥಪಾಲರು ಬಿಟ್ಟರು, ನನ್ನ ಮಟ್ಟಿಗೆ ಮೂಲ ಪ್ರಶ್ನೆಯ ಉತ್ತರ ಅಲ್ಲಿದೆ.

ಅವನು ವುಲ್ಫ್ ಕುಲದವನೇ ಆದ ವ್ಲಾಡ್. ಕುಸಿದ ಕಟ್ಟಡದ ಅವಶೇಷದಡಿ ತನ್ನ ಮೆಕ್‌ನೊಳಗೆ ಸಿಕ್ಕಿಬಿದ್ದಿದ್ದ ಅವನಿಗೆ ಉಲ್ರಿಕ್‌ನ ಸಾವಿನ ಸತ್ಯ ತಿಳಿಯಿತು. ಹೊರಬಂದು ಚಿಸ್ಟುವನ್ನು ಕೊಂದ, ವುಲ್ಫ್ ಕುಲ ಫಾಲ್ಕನ್‌ಗಳಲ್ಲಿ ಕರಗಿಹೋಗುವುದನ್ನು ತಪ್ಪಿಸಿದ, ಅದರ ಖಾನ್ ಆದ. ಆದರೆ ವ್ಲಾಡ್ ವಾರ್ಡನ್ ಅಲ್ಲ, ಕಟ್ಟಾ ಕ್ರುಸೇಡರ್! ಉಲ್ರಿಕ್‌ನ ಮೆಚ್ಚಿನ ಫೀಲನ್‌ನನ್ನು ಯುದ್ಧದಲ್ಲಿ ಸೆರೆಹಿಡಿದು ಬಾಂಡ್ಸ್‌ಮನ್ ಆಗಿ ತಂದವನೂ ಅವನೇ, ಆ ಸೆರೆಯಾಳು ತನ್ನ ಕಣ್ಣೆದುರೇ ಯೋಧನಾಗಿ, ವಾರ್ಡ್ ಎಂಬ ಬ್ಲಡ್‌ನೇಮ್ ಗೆದ್ದು, ಖಾನ್ ಆದದ್ದನ್ನು ಜೀವನಪೂರ್ತಿ ಕ್ಷಮಿಸದವನೂ ಅವನೇ. ಅಂದರೆ ವಾರ್ಡನ್ ಮತ್ತು ಕ್ರುಸೇಡರ್ ಎಂಬ ಬಿರುಕು ವುಲ್ಫ್ ಮತ್ತು ಫಾಲ್ಕನ್‌ಗಳ ನಡುವೆ ಗೆರೆ ಎಳೆದಂತೆ ಹಾದುಹೋಗಿರಲಿಲ್ಲ. ವುಲ್ಫ್ ಮನೆಯ ನಡುಮಧ್ಯದಲ್ಲಿಯೇ ಹಾದುಹೋಗಿತ್ತು. ತತ್ತ್ವ ಸುಳ್ಳಾಗಿದ್ದರೆ ಒಂದು ಕುಲ ಎರಡಾಗುತ್ತಿರಲಿಲ್ಲ, ಷಟ್ಕೋನ ಅವರೇ.

ಉತ್ತರ: ಷಟ್ಕೋನ

ವ್ಲಾಡ್‌ನ ಉದಾಹರಣೆ ನನ್ನನ್ನು ಅಲುಗಿಸಿದೆ. ತತ್ತ್ವವಿಲ್ಲದಿದ್ದರೂ ಜಗಳ ಇರುತ್ತಿತ್ತು ಎಂಬ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ಜಗಳ ಇರುತ್ತಿತ್ತು, ಆದರೆ ಅದು ಈ ಜಗಳವಾಗಿರುತ್ತಿರಲಿಲ್ಲ.

ಆದರೂ ಒಂದನ್ನು ಸೇರಿಸಬೇಕು. ಇದೇ ವ್ಲಾಡ್, ಕ್ರುಸೇಡರ್ ಆಗಿದ್ದೂ, ಕ್ರುಸೇಡರ್ ಇಲ್‌ಖಾನ್ ಆದ ಜೇಡ್ ಫಾಲ್ಕನ್‌ನ ಎಲಿಯಾಸ್ ಕ್ರಿಚೆಲ್‌ನನ್ನು ಕೊಂದ. ಬಣ ಒಂದೇ ಆಗಿತ್ತು, ಕುಲ ಬೇರೆಯಾಗಿತ್ತು. ಹಾಗೆಯೇ 3059ರಲ್ಲಿ ತಾಯ್ನೆಲದ ಸೈನ್ಯಗಳೆಲ್ಲ ಒಂದಾಗಿ ಸ್ಮೋಕ್ ಜಾಗ್ವಾರ್ ಕುಲವನ್ನು ಬೇರುಸಹಿತ ಕೀಳುವಾಗ ಉಳಿದ ಕ್ರುಸೇಡರ್ ಕುಲಗಳು ನೆರವಿಗೆ ಧಾವಿಸಲಿಲ್ಲ. ಮರುವರ್ಷ ಸ್ಟ್ರಾನಾ ಮೆಕ್ಟಿಯಲ್ಲಿಯೇ ಕ್ಲ್ಯಾನ್‌ಗಳದೇ ಆದ ನಿರಾಕರಣೆಯ ಕಾಳಗದ ಮೂಲಕ ದಂಡಯಾತ್ರೆಯನ್ನು ರದ್ದು ಮಾಡಿಸಿದವನು ವಿಕ್ಟರ್ ಸ್ಟೈನರ್-ಡೇವಿಯನ್, ಎಂದರೆ ಶತ್ರುವೇ. ಅವನು 3058ರಲ್ಲಿ ಕವೆಂಟ್ರಿಯಲ್ಲಿ ಫಾಲ್ಕನ್ ಖಾನ್ ಮಾರ್ಥಾ ಪ್ರೈಡ್‌ಗೆ ಹೆಗೀರಾ ನೀಡಿದ್ದ, ಎಂದರೆ ಮಾನಹಾನಿಯಿಲ್ಲದೆ ಹಿಂದಿರುಗುವ ಹಕ್ಕನ್ನು ನೀಡಿದ್ದ. ಅವಳು ಸ್ವೀಕರಿಸಿ, ಒಂದೂ ಗುಂಡು ಹಾರಿಸದೆ ಹೊರಟುಹೋದಳು. ಉಲ್ರಿಕ್ ಮತ್ತು ಕ್ರಿಚೆಲ್ ಒಬ್ಬರಿಗೊಬ್ಬರು ಎಂದೂ ಕೊಡದ ಗೌರವವನ್ನು ಹೊರಗಿನವನೊಬ್ಬ ಅವರದೇ ಭಾಷೆಯಲ್ಲಿ ಕೊಟ್ಟ.

ಉತ್ತರ: ಗ್ರಂಥಪಾಲ

ಹೊಸ ಓದುಗರು ಇನ್ನೂ 3060ರ ಆಚೆಗೆ ಹೋಗಿಲ್ಲವೆಂದು ಭಾವಿಸಿ ಮುಂದಿನದನ್ನು ವಿವರಿಸುವುದಿಲ್ಲ. ಒಂದು ಸಲಹೆ ಮಾತ್ರ: ನಡುವಿನ ದಶಕಗಳನ್ನು ಅವಸರದಿಂದ ದಾಟಬೇಡಿ. 3151ರಲ್ಲಿ ಕೊನೆಗೂ ಟೆರ್ರಾದ ನೆಲದ ಮೇಲೆ, ಇಲ್‌ಕ್ಲ್ಯಾನ್ ಪದವಿಗಾಗಿ ಎದುರುಬದುರಾಗಿ ನಿಲ್ಲುವ ಎರಡು ಕುಲಗಳು ಯಾವುವೆಂಬುದನ್ನು ನೀವು ಈಗಾಗಲೇ ಊಹಿಸಿರುತ್ತೀರಿ. ಅಲ್ಲಿಗೆ ತಲುಪಿದಾಗ ವುಲ್ಫ್ ಖಾನ್ ವಾರ್ಡನ್ ಪರಂಪರೆಯ ಯಾವ ಮಾತನ್ನು ಇನ್ನೂ ಉಳಿಸಿಕೊಂಡಿದ್ದಾನೆ, ಫಾಲ್ಕನ್ ಖಾನ್ ಏಡನ್ ಪ್ರೈಡ್‌ನ ಯಾವ ಗುಣವನ್ನು ಉಳಿಸಿಕೊಂಡಿದ್ದಾಳೆ ಎಂದು ಹುಡುಕಿ ನೋಡಿ, ಕಂಡದ್ದನ್ನು ಇಲ್ಲಿಯೇ ಬರೆಯಿರಿ.